ಹೊಳೆಯಲ್ಲಿ ಮೊದಲು ದಾರಿ ಬಿಡಬೇಕಾದವರು ಯಾರು?



ಕಳೆದ ಸಂಚಿಕೆಯಲ್ಲಿ ಎಂಟನೇ ತರಗತಿಯವರೊಬ್ಬರು "ವಾಟರ್ ಸ್ಕೂಟರುಗಳನ್ನು ನಮ್ಮ ಶರಾವತಿಯಿಂದ ಓಡಿಸಬೇಕು" ಎಂದು ಬರೆದಿದ್ದರು. ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ "ನಿಮ್ಮ ಪಾತಿ ದೋಣಿ ಮೊದ್ಲು ಓಡ್ಸಿ" ಎಂದು ಗೀಚಿ ಹೋಗಿದ್ದಾರೆ. ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಉಳಿದ ಅರ್ಧದ ಬಗ್ಗೆ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ.

ನಾನು ಯಾರ ಕಡೆಯವಳು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮಮ್ಮ ಇಳಿತದ ಹೊತ್ತಿಗೆ ಎದೆಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ದೊಡ್ಡಪ್ಪನ ಮಗ ಅಣ್ಣ ಅದೇ ಹೊಳೆಯಲ್ಲಿ ಪ್ರವಾಸಿಗರನ್ನು ಹಿಂದೆ ಕೂರಿಸಿಕೊಂಡು ವಾಟರ್ ಸ್ಕೂಟರ್ ಓಡಿಸುತ್ತಾನೆ. ಇಬ್ಬರ ಒದ್ದೆ ಬಟ್ಟೆಯೂ ನಮ್ಮ ಅಂಗಳದ ಒಂದೇ ತಂತಿಯ ಮೇಲೆ ಒಣಗುತ್ತದೆ. ಯಾರನ್ನು ಬೈದರೂ ಬೈಗುಳ ನಮ್ಮ ಮನೆಗೇ ಬರುತ್ತದೆ.

ಮೊದಲು ಒಂದು ಲೆಕ್ಕ. ವಾಟರ್ ಸ್ಕೂಟರ್ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ಮೂರು ಸೆಕೆಂಡಿಗೆ 50 ಮೀಟರ್ ಹೋಗುತ್ತದೆ. ಹುಟ್ಟು ಹಾಕುವ ದೋಣಿ ಗಂಟೆಗೆ 3 ಕಿ.ಮೀ. ಹೋಗುತ್ತದೆ ಎಂದಿಟ್ಟುಕೊಳ್ಳಿ. ಅದೇ ಮೂರು ಸೆಕೆಂಡಿಗೆ ಅದು ಎರಡೂವರೆ ಮೀಟರ್ ಸರಿಯುತ್ತದೆ, ಅಂದರೆ ತನ್ನ ಉದ್ದದಷ್ಟೂ ಇಲ್ಲ. ಎದೆಮಟ್ಟದ ನೀರಿನಲ್ಲಿ, ಕಾಲು ಕೆಸರಿನಲ್ಲಿ ಹೂತು ನಿಂತ ಹೆಂಗಸು ಎಷ್ಟು ಸರಿದಾಳು? "ನೋಡ್ಕಂಡು ಪಕ್ಕಕ್ಕೆ ಸರೀಬೇಕಪ್ಪ" ಎನ್ನುವವರು ಈ ಲೆಕ್ಕ ಮಾಡಿಲ್ಲ. ಸರಿಯುವ ಶಕ್ತಿ ಯಾರಿಗೆ ಇದೆಯೋ ಸರಿಯುವ ಕರ್ತವ್ಯವೂ ಹೆಚ್ಚಾಗಿ ಅವರದೇ.

ಆದರೆ ವಾಟರ್ ಸ್ಕೂಟರಿನ ಸ್ವಭಾವ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಅಣ್ಣ ಧಕ್ಕೆಯ ಮೇಲೆ ಅದನ್ನು ಎತ್ತಿ ತೋರಿಸುವ ತನಕ ಗೊತ್ತಿರಲಿಲ್ಲ. ಅದಕ್ಕೆ ಚುಕ್ಕಾಣಿಯೇ ಇಲ್ಲ! ಹೊಟ್ಟೆಯ ಕೆಳಗಿಂದ ನೀರನ್ನು ಎಳೆದುಕೊಂಡು ಹಿಂದಿನ ಕೊಳವೆಯಿಂದ ರಭಸವಾಗಿ ಉಗುಳುತ್ತದೆ. ಹ್ಯಾಂಡಲ್ ತಿರುಗಿಸಿದರೆ ಆ ಕೊಳವೆಯ ಬಾಯಿ ತಿರುಗುತ್ತದೆ, ಗಾಡಿ ತಿರುಗುತ್ತದೆ. ಹೆದರಿ ಎಕ್ಸಿಲೇಟರ್ ಬಿಟ್ಟರೆ ನೀರು ಉಗುಳುವುದು ನಿಲ್ಲುತ್ತದೆ. ಆಗ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತಲೇ ಇರುತ್ತದೆ. ಕೆಲವು ಹೊಸ ಗಾಡಿಗಳಿಗೆ ಬ್ರೇಕಿನಂಥ ವ್ಯವಸ್ಥೆ ಬಂದಿದೆ, ನಮ್ಮ ಧಕ್ಕೆಯಲ್ಲಿ ಇರುವುದಕ್ಕೆ ಇಲ್ಲ. ಬೈಕ್ ಓಡಿಸಿ ಅಭ್ಯಾಸ ಇರುವ ಪ್ರವಾಸಿಗರು ಎದುರಿಗೆ ಏನಾದರೂ ಕಂಡ ಕೂಡಲೇ ಎಕ್ಸಿಲೇಟರ್ ಬಿಡುತ್ತಾರೆ. ಅಂಥವರ ಕೈಗೆ "ಒಂದು ರೌಂಡ್ ನೀವೇ ಹೊಡೀರಿ ಸಾರ್" ಎಂದು ಹ್ಯಾಂಡಲ್ ಕೊಡುವುದು ತಪ್ಪು, ಅದಕ್ಕೆ ನೂರು ರೂಪಾಯಿ ಹೆಚ್ಚು ಸಿಕ್ಕಿದರೂ ತಪ್ಪು. ಇನ್ನೊಂದು: ಓಡಿಸುವವನ ಕೈಗೆ ಕಟ್ಟಿಕೊಳ್ಳುವ ಸುರುಳಿ ದಾರ ಇರುತ್ತದೆ. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ಬಂದ್ ಆಗುತ್ತದೆ. ಅದನ್ನು ಕೈಗೆ ಕಟ್ಟದೆ ಹ್ಯಾಂಡಲಿಗೇ ಸುತ್ತಿಟ್ಟವರನ್ನು ನಾನೇ ನೋಡಿದ್ದೇನೆ.

ಇನ್ನು ದೊಡ್ಡ ಬೋಟಿನವರು. ಇವರು ಎಲ್ಲ ತಪ್ಪನ್ನೂ ಸ್ಕೂಟರಿನ ಹುಡುಗರ ತಲೆಗೆ ಕಟ್ಟುತ್ತಾರೆ. ಆದರೆ ಹೋದ ಸೀಸನ್ನಿನಲ್ಲಿ ಬಳಚು ಹೆಕ್ಕುತ್ತಿದ್ದ ನಾಲ್ಕು ಹೆಂಗಸರನ್ನು ಕೆಡವಿದ್ದು ಸ್ಕೂಟರ್ ಅಲ್ಲ, ಪ್ರವಾಸಿಗರನ್ನು ತುಂಬಿಕೊಂಡು ಹೋದ ಒಂದು ಬೋಟಿನ ತೆರೆ. ಬೋಟ್ ಯಾರಿಗೂ ತಾಗಲಿಲ್ಲ. ತೆರೆ ಬಂತು, ಅಮ್ಮ ನೀರು ಕುಡಿದು ಎದ್ದರು, ಬುಟ್ಟಿ ಹೋಯಿತು. ಬೋಟಿನವರು ನಮ್ಮವರೇ, ಕೆಟ್ಟವರಲ್ಲ. "ನಾವು ಸ್ಲೋ ಮಾಡಿದ್ವಲ್ಲ ಅಕ್ಕ" ಎಂದರು. ನಿಜ, ಮಾಡಿದ್ದರು. ವಿಚಿತ್ರ ಇರುವುದೇ ಇಲ್ಲಿ. ಜೋರಾಗಿ ಹೋಗುವ ಬೋಟ್ ನೀರಿನ ಮೇಲೆ ಎದ್ದು ತೇಲಿದಂತೆ ಹೋಗುತ್ತದೆ. ಅರ್ಧ ವೇಗಕ್ಕೆ ಇಳಿಸಿದಾಗ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ನೀರನ್ನು ಉತ್ತುಕೊಂಡು ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ತೆರೆ ಏಳುವುದು ಆಗಲೇ. ಆದ್ದರಿಂದ ಹೆಂಗಸರ ಹತ್ತಿರ ಬಂದ ಮೇಲೆ ಅರ್ಧ ಸ್ಲೋ ಮಾಡುವುದು ಉಪಕಾರವಲ್ಲ. ಬಹಳ ದೂರದಿಂದಲೇ ಪೂರ್ತಿ ಸ್ಲೋ ಮಾಡಬೇಕು, ನಡೆದು ಹೋದ ಹಾಗೆ ಹೋಗಬೇಕು. ಸ್ಕೂಟರಿನ ಹುಡುಗರಿಗೆ ಆ ತೆರೆ ಹಾರುವ ಮೋಜು ಬೇರೆ. ಬೋಟಿನ ಬೆನ್ನಿಗೇ ಅಂಟಿಕೊಂಡು ತೆರೆ ಹಾರುವವನಿಗೆ ಬೋಟಿನ ಆಚೆಯಿಂದ ಏನು ಬರುತ್ತಿದೆ ಎಂದು ಕಾಣುವುದೇ ಇಲ್ಲ.

ನೀರಿಗೂ ನಿಯಮ ಇದೆ. ಹಡಗುಗಳು ಡಿಕ್ಕಿಯಾಗದಂತೆ ತಡೆಯಲು 1972ರಲ್ಲಿ ಅಂತರರಾಷ್ಟ್ರೀಯ ನಿಯಮಗಳಾದವು, ಭಾರತವೂ ಅವನ್ನು ಒಪ್ಪಿದೆ. ರಸ್ತೆಯಲ್ಲಿ ನಾವು ಎಡಕ್ಕೆ ಹೋಗುತ್ತೇವೆ, ನೀರಿನಲ್ಲಿ ಬಲಕ್ಕೆ! ಎದುರುಬದುರಾದ ಎರಡು ಎಂಜಿನ್ ದೋಣಿಗಳೂ ಬಲಕ್ಕೆ ತಿರುಗಬೇಕು. ಹಿಂದಿನಿಂದ ದಾಟುವವನು ಮುಂದಿನವನಿಗೆ ತೊಂದರೆಯಾಗದಂತೆ ದಾಟಬೇಕು. ಬಲೆ ಬಿಟ್ಟು ಮೀನು ಹಿಡಿಯುವ ದೋಣಿಗೆ ಎಂಜಿನ್ ದೋಣಿ ದಾರಿ ಬಿಡಬೇಕು. ಇದನ್ನು ಓದಿ ನಮ್ಮ ಮೀನುಗಾರರ ಮಕ್ಕಳು ಚಪ್ಪಾಳೆ ತಟ್ಟಬೇಡಿ, ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ. ಕಿರಿದಾದ ಹೊಳೆದಾರಿಯಲ್ಲಿ ಹೋಗಿಬರುವವರಿಗೆ ಮೀನು ಹಿಡಿಯುವವರು ಅಡ್ಡಿಯಾಗಬಾರದು. ಧಕ್ಕೆಯಿಂದ ಅಳಿವೆಗೆ ಹೋಗುವ ಆಳದ ದಾರಿಗೆ ಅಡ್ಡಲಾಗಿ ಬಲೆ ಕಟ್ಟಿ, ಗುರುತಿಗೆ ಒಂದು ಬಾಟಲಿಯನ್ನೂ ತೇಲಿಬಿಡದೆ ಮನೆಗೆ ಹೋಗಿ ಗಂಜಿ ಉಣ್ಣುವವರು ನಮ್ಮ ಕೇರಿಯಲ್ಲೇ ಇದ್ದಾರೆ. ಕತ್ತಲಲ್ಲಿ ಹುಟ್ಟು ಹಾಕುವ ದೋಣಿಯವರು ಕನಿಷ್ಠ ಒಂದು ಬ್ಯಾಟರಿಯನ್ನು ಕೈಯಲ್ಲಿಟ್ಟುಕೊಂಡು ಸಮಯಕ್ಕೆ ಸರಿಯಾಗಿ ತೋರಿಸಬೇಕೆಂದೂ ನಿಯಮ ಹೇಳುತ್ತದೆ. ನಮ್ಮಲ್ಲಿ ಬೀಡಿಯ ಬೆಂಕಿಯೇ ದೀಪ.

ನನಗೆ ಬಹಳ ಹಿಡಿಸಿದ ನಿಯಮ ಬೇರೊಂದಿದೆ. ದಾರಿಯ ಹಕ್ಕು ನಿನ್ನದೇ ಆಗಿದ್ದರೂ, ಎದುರಿನವನೊಬ್ಬನಿಂದಲೇ ಡಿಕ್ಕಿ ತಪ್ಪುವುದಿಲ್ಲ ಎಂದು ಕಂಡರೆ ನೀನೂ ತಪ್ಪಿಸಲು ಪ್ರಯತ್ನಿಸಲೇಬೇಕು. "ನಂದು ರೈಟ್ ಇತ್ತು" ಎಂದು ಸುಮ್ಮನೆ ಕೂರುವಂತಿಲ್ಲ.

2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹೋಗುತ್ತಿದ್ದ 'ನೀಲ್ ಕಮಲ್' ಎಂಬ ದೋಣಿಗೆ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್ ಬೋಟ್ ಹತೋಟಿ ತಪ್ಪಿ ಬಂದು ಗುದ್ದಿತು. 15 ಜನ ಸತ್ತರು. ತರಬೇತಿ ಪಡೆದವರ ಕೈಯಲ್ಲೇ ಹೀಗಾಯಿತು ಎಂದರೆ ಜನ ತುಂಬಿದ ನೀರಿನಲ್ಲಿ ವೇಗ ಎಂಥದ್ದು ನೋಡಿ. ಸುತ್ತಮುತ್ತ ಇದ್ದ ದೋಣಿಗಳು ಕೂಡಲೇ ಓಡಿ ಬಂದು ಜನರನ್ನು ಎತ್ತಿಕೊಳ್ಳದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು. ನಮ್ಮ ಜಿಲ್ಲೆಯಲ್ಲೇ 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯ ದೋಣಿ ಮಗುಚಿ 16 ಜನ ಹೋದರು. ಲೈಫ್ ಜಾಕೆಟ್ ಹಾಕಿಕೊಂಡರೆ ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಬಿಚ್ಚುವ ಪ್ರವಾಸಿಗರಿಗೆ ಇದನ್ನೆಲ್ಲ ಹೇಳುವವರು ಯಾರು? ತಾಂಡೇಲನೇ ಹೇಳಬೇಕು. ಹಾಕಿಕೊಳ್ಳುವ ತನಕ ಹಗ್ಗ ಬಿಚ್ಚಬಾರದು.

ಹಾಗಾದರೆ ಸ್ಕೂಟರುಗಳನ್ನು ಓಡಿಸಿಬಿಡೋಣವೇ? ಬೇಡ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಬಂದ್ ಮಾಡಿದರೆ ಅಣ್ಣ ಗೋವಾಕ್ಕೆ ಹೋಗುತ್ತಾನೆ. ಅಲ್ಲಿನ ನೀರಿನಲ್ಲೂ ಯಾರದೋ ಅಮ್ಮ ನಿಂತಿರುತ್ತಾರೆ. ಬದಲಾಗಬೇಕಾದ್ದು ಕೂಲಿ. ಅಣ್ಣನಿಗೆ ದಿನದ ಸಂಬಳ ಇಲ್ಲ, ರೌಂಡಿಗೆ ಇಷ್ಟು ಎಂದು ಲೆಕ್ಕ. ರೌಂಡ್ ಹೆಚ್ಚಾದಷ್ಟೂ ದುಡ್ಡು. ಹಾಗಿರುವಾಗ ಸ್ಲೋ ಮಾಡು ಎಂದರೆ ಹೊಟ್ಟೆಗೆ ಕಡಿಮೆ ತಿನ್ನು ಎಂದ ಹಾಗೆ. ಮಾಲೀಕರು ದಿನಕ್ಕೆ ಇಷ್ಟು ಎಂದು ಕೊಟ್ಟರೆ ಅರ್ಧ ಅವಸರ ತಾನಾಗಿ ಇಳಿಯುತ್ತದೆ. ಈ ಮಾತನ್ನು ಹೇಳಲು ಅಣ್ಣನಿಗೆ ಧೈರ್ಯ ಇಲ್ಲ. ಹೇಳಿದರೆ ಮರುದಿನ ಅವನ ಜಾಗದಲ್ಲಿ ಬೇರೆ ಹುಡುಗ ಇರುತ್ತಾನೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಈ ಸಲದ ಮಕ್ಕಳ ಗ್ರಾಮ ಸಭೆಯಲ್ಲಿ ಈ ಕೂಲಿಯ ವಿಷಯವನ್ನೂ, ಬಳಚಿನ ಜಾಗದ ಸುತ್ತ ಕೆಂಪು ಬಟ್ಟೆ ಕಟ್ಟಿದ ಗಳುಗಳನ್ನು ನೆಡುವ ವಿಷಯವನ್ನೂ ನಾನು ಎತ್ತುವವಳಿದ್ದೇನೆ. ಗಳುವಿನ ಒಳಗೆ ಎಂಜಿನ್ ಬರಬಾರದು, ಆಳದ ದಾರಿಗೆ ಬಲೆ ಬರಬಾರದು. ಎರಡನ್ನೂ ಒಟ್ಟಿಗೇ ಕೇಳಬೇಕು, ಒಂದನ್ನೇ ಕೇಳಿದರೆ ಪಂಚಾಯ್ತಿಯಲ್ಲಿ ಜಗಳವಾಗಿ ಎರಡೂ ಬಿದ್ದುಹೋಗುತ್ತವೆ. ಸಭೆಗೆ ನಕ್ಷೆ ಬೇಕು. ಬಳಚಿನ ಜಾಗ ಅಮ್ಮನವರಿಗೆ ಗೊತ್ತು, ಆಳದ ದಾರಿ ಅಣ್ಣನವರಿಗೆ ಗೊತ್ತು. ಇಬ್ಬರನ್ನೂ ಕೂರಿಸಿಕೊಂಡು ಕೇಳಿ ಬರೆಯಲು ಚೆನ್ನಾಗಿ ಚಿತ್ರ ಬಿಡಿಸುವ ಇಬ್ಬರು ಬೇಕಾಗಿದ್ದಾರೆ. ಡ್ರಾಯಿಂಗ್ ಹಾಳೆ ಕೊಡುತ್ತೇನೆಂದು ಸಮಾಜ ವಿಜ್ಞಾನದ ಸರ್ ಒಪ್ಪಿದ್ದಾರೆ. ಭಾನುವಾರ ಬೆಳಿಗ್ಗೆ ಧಕ್ಕೆಯ ಹತ್ತಿರ ಬನ್ನಿ, ಸ್ಲೇಟು ಪೆನ್ಸಿಲ್ ಸಾಕು.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ