ಸ್ವಯಂಸೇವೆಯೋ, ಬಿಟ್ಟಿ ಚಾಕರಿಯೋ?

ಅಂತರಜಾಲದಲ್ಲಿ ಆಡುವ ಆಟವೊಂದನ್ನು ಕಟ್ಟಬೇಕಾಗಿದೆ, ಸಂಬಳವಿಲ್ಲ, ಸ್ವಯಂಸೇವಕರು ಬನ್ನಿ ಎಂದು ಕರೆ ಕೊಡುವವರು ಬಹಳ. ಬರುವವರು ಕಡಿಮೆ, ಬಂದವರೂ ಎರಡು ತಿಂಗಳಲ್ಲಿ ಕಾಣೆ. ಇದಕ್ಕೆ ನಮ್ಮ ತರುಣರಲ್ಲಿ ತ್ಯಾಗಬುದ್ಧಿ ಇಲ್ಲದ್ದೇ ಕಾರಣವೆಂಬ ದೂರನ್ನು ನಾವು ಒಪ್ಪಲಾರೆವು.

1951ರ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಗೇಣಿ ರೈತರಿಗೆ ಯಾರೂ ಕೂಲಿ ಕೊಟ್ಟಿರಲಿಲ್ಲ. ಗೇಣಿ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕೆಂಬುದು ಅವರ ಮನೆಯ ಅನ್ನದ ಪ್ರಶ್ನೆಯಾಗಿತ್ತು, ಅದಕ್ಕೇ ಹೋದರು. ಸಾಗರ, ಹೊಸನಗರ, ತೀರ್ಥಹಳ್ಳಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟದ ತಂಡ ಕಟ್ಟುವವರೂ ಮೊದಲು ಅಳತೆಯ ಮಾತು ಆಡಲಿ. ಮುಗಿದ ಆಟ ಯಾರ ಸ್ವತ್ತು? ಪ್ರೋಗ್ರಾಂ ಬರೆಯುವವನು, ಚಿತ್ರ ಬಿಡಿಸುವವಳು, ಸಂಗೀತ ಕೂಡಿಸುವವನು ನಿದ್ದೆಗೆಟ್ಟು ದುಡಿದ ಮೇಲೆ, ಮಾರುವ ಹಕ್ಕು ಕರೆ ಕೊಟ್ಟವನ ಕೈಯಲ್ಲೇ ಉಳಿದರೆ ಅದು ಶುದ್ಧ ಬಿಟ್ಟಿ ಚಾಕರಿ.

‘ಝೀರೋ ಎ.ಡಿ.’ ಎಂಬ ಯುದ್ಧದ ಆಟವನ್ನು ಸ್ವಯಂಸೇವಕರೇ ವರ್ಷಗಟ್ಟಲೆ ಕಟ್ಟಿದರು. 2009ರಲ್ಲಿ ಅದರ ಪ್ರೋಗ್ರಾಮನ್ನೂ ಚಿತ್ರಗಳನ್ನೂ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ನೂರಕ್ಕೂ ಹೆಚ್ಚು ಜನ ಅದಕ್ಕೆ ದುಡಿದಿದ್ದಾರೆ. ಆದರೂ ಹೊಟ್ಟೆಯ ಪ್ರಶ್ನೆ ತಪ್ಪಲಿಲ್ಲ. 2013ರಲ್ಲಿ ಪೂರ್ಣಾವಧಿಯ ಪ್ರೋಗ್ರಾಮರನಿಗೆ ಸಂಬಳ ಕೊಡಲೆಂದು 1,60,000 ಡಾಲರ್ ಚಂದಾ ಕೇಳಿದರೆ ಕೂಡಿದ್ದು ಸುಮಾರು 33,000. ಶ್ರೀಮಂತ ದೇಶಗಳ ಪಾಡೇ ಇದು!

ನಮ್ಮ ಹುಡುಗ ದಿನವಿಡೀ ಅಂಗಡಿಯಲ್ಲೋ ಗಿರಣಿಯಲ್ಲೋ ನಿಂತು ಬಂದ ಮೇಲೆ ಅವನಿಗೆ ಉಳಿಯುವುದು ಒಂದು ಗಂಟೆ. ಆ ಗಂಟೆಗೆ ತಕ್ಕಷ್ಟು ಕೆಲಸವನ್ನು ಹಂಚಿಕೊಟ್ಟು, ಕೂತು ಕಲಿಸುವವರು ಎಷ್ಟು ಜನ? ಇಡೀ ಆಟವನ್ನು ಅವನ ತಲೆಗೆ ಹೊರಿಸಿ, ಆಮೇಲೆ ಓಡಿಹೋದ ಎನ್ನುತ್ತಾರೆ.