ನಗು ಯಾರದು, ಯಾರ ಮೇಲೆ?

ಕನ್ನಡ ಸಿನಿಮಾದಲ್ಲಿ ಕಲ್ಯಾಣ ಕರ್ನಾಟಕದ ಮಾತು ಕಿವಿಗೆ ಬಿತ್ತೆಂದರೆ ಬಹುಪಾಲು ಅಲ್ಲೊಂದು ಹಾಸ್ಯದ ದೃಶ್ಯ ಶುರುವಾಯಿತೆಂದೇ ಲೆಕ್ಕ. ನಾಯಕ ಬೆಂಗಳೂರು ಕಡೆಯ ಕನ್ನಡದಲ್ಲಿ ಪ್ರೀತಿಸುತ್ತಾನೆ, ಅಳುತ್ತಾನೆ. ಅವನ ಮನೆಯ ಅಡುಗೆಯವನೋ ಕಾವಲುಗಾರನೋ ‘ಏನ್ರೀ ಯಪ್ಪಾ’ ಎಂದರೆ ಸಾಕು, ಪ್ರೇಕ್ಷಕ ನಗಬೇಕು. ಯಾದಗಿರಿ ಪಕ್ಕದ ಮುದನಾಳದಲ್ಲಿ ಅದೇ ಮಾತಿನಲ್ಲಿ ಹೆಣ್ಣು ಕೇಳುತ್ತಾರೆ, ಸಾಲ ಕೇಳುತ್ತಾರೆ, ಹೆಣದ ಮುಂದೆ ಕುಂತು ಅಳುತ್ತಾರೆ.

ಹಾಸ್ಯವೇ ಕೀಳೆಂಬುದು ಇಲ್ಲಿನ ದೂರಲ್ಲ. ಅದನ್ನು ಅಗ್ಗವಾಗಿ ಕಂಡದ್ದೇ ತಪ್ಪು.

ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ಯಲ್ಲಿ ಜೋಕು ಹೇಳಲೆಂದೇ ಇಟ್ಟ ಪಾತ್ರವಿಲ್ಲ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಆಸ್ತಿಯ ಗೊಡವೆಯಿಲ್ಲದೆ ಅಲೆಯುವ ಅಪ್ಪ ಗಡ್ಡಪ್ಪ ಬದುಕಿರುವಾಗಲೇ ಸತ್ತನೆಂಬ ಕಾಗದ ತಯಾರಾಗುತ್ತದೆ. ನಟಿಸಿದವರು ಮಂಡ್ಯ ಜಿಲ್ಲೆಯ ಹಳ್ಳಿಯವರೇ, ಮಾತು ಅವರದೇ. ಪ್ರೇಕ್ಷಕ ನಗುವುದು ಆ ಮಾತಿಗಲ್ಲ, ಮಗನ ದುರಾಸೆಗೆ. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿಯೂ ಬಂತು. 2025ರಲ್ಲಿ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ ಕರಾವಳಿಯ ಮಾತಿನಲ್ಲೇ ರಾಜ್ಯವನ್ನೆಲ್ಲ ನಗಿಸಿತು. ಮೈಮೇಲೆ ದೆವ್ವ ಬಂದಂತೆ ನಟಿಸುವವನನ್ನು ಊರೇ ನಂಬುವ ಆ ಕಥೆ, ನಗಿಸುತ್ತಲೇ ಹೆಣ್ಣೊಬ್ಬಳ ಸಂಕಟದ ಮುಂದೆ ತಂದು ನಿಲ್ಲಿಸುತ್ತದೆ.

ಒಳ್ಳೆಯ ಸಿನಿಮಾದಲ್ಲಿ ನಗು ಕಥೆಯೊಳಗಿಂದಲೇ ಹುಟ್ಟುತ್ತದೆ. ಬೇಸರವಾದೀತೆಂದು ನಡುವೆ ತುರುಕಿದ ಹಾಸ್ಯವನ್ನು ಕತ್ತರಿಸಿದರೂ ಕಥೆಗೆ ನಷ್ಟವಿಲ್ಲ.

ಉತ್ತರ ಕರ್ನಾಟಕದಲ್ಲಿ ಪ್ರತಿಭೆಗೆ ಬರವಿತ್ತೇ? 2025ರಲ್ಲಿ ತೀರಿಕೊಂಡ ರಾಜು ತಾಳಿಕೋಟೆ ಅವರು ‘ಕಲಿಯುಗದ ಕುಡುಕ’ನಾಗಿ ಕಂಪನಿ ನಾಟಕವನ್ನು ಹೆಗಲ ಮೇಲೆ ಹೊತ್ತವರು. ಅವರ ಕುಡುಕ ನಗಿಸುತ್ತ ನಗಿಸುತ್ತ ಸಮಾಜದ ಲೆಕ್ಕ ಕೇಳುತ್ತಿದ್ದ. ಸಿನಿಮಾ ಅವರನ್ನು ‘ಮನಸಾರೆ’ (2009), ‘ಪಂಚರಂಗಿ’ಗಳ (2010) ಪೋಷಕ ಪಾತ್ರಗಳಲ್ಲಿ ಬಳಸಿತು. ಜನ ಮೆಚ್ಚಿದರು. ಆದರೆ ರಂಗದ ಮೇಲೆ ಅವರಿಗಿದ್ದ ಜಾಗ ಪರದೆಯ ಮೇಲೆ ಸಿಗಲಿಲ್ಲ.

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಒಳಗಿಂದಲೇ ನಗು ಹುಟ್ಟುವ ಕಥೆಗಳು ಬೇಕಾದಷ್ಟಿವೆ: ಮೇಸ್ತ್ರಿಯ ಜೊತೆಗಿನ ಚೌಕಾಸಿ, ಊರಿಗೆ ಫೋನಿನಲ್ಲಿ ಹೇಳುವ ಸುಳ್ಳು, ಬಾಡಿಗೆ ಮನೆಯ ಮಾಲೀಕನಿಗೆ ಅರ್ಥವಾಗದ ಬೈಗುಳ. ಇವನ್ನು ಸಿನಿಮಾ ಮಾಡಲು ತಾರೆಯರ ಸಂಭಾವನೆ ಬೇಕಿಲ್ಲ. ಸಂಭಾಷಣೆ ಬರೆಯಲು ಈ ಕಡೆಯವರನ್ನೇ ಕೂರಿಸಿ, ನಾಯಕನಿಗೂ ಅದೇ ಮಾತು ಕೊಡುವ ನಿರ್ಮಾಪಕನೊಬ್ಬ ಬೇಕು.