ಹಳೆಯ ಬಡಾವಣೆಗಳಿಗೆ ಬೇಲಿ ಬೇಡ, ಲೆಕ್ಕ ಬೇಕು

ಬೆಂಗಳೂರಿನ ಜಯನಗರ, ಬಸವನಗುಡಿ, ಮಲ್ಲೇಶ್ವರಗಳಂತಹ ಹಳೆಯ ಬಡಾವಣೆಗಳಲ್ಲಿ ಒಂಟಿ ಮನೆಯನ್ನು ಕೆಡವಿ ಬಹುಮಹಡಿ ವಸತಿ ಸಮುಚ್ಚಯ ಕಟ್ಟುವ ಪ್ರಸ್ತಾವ ಬಂದಾಗಲೆಲ್ಲ ಒಂದೇ ಬಗೆಯ ವಿವಾದ ಏಳುತ್ತದೆ. ನಿವಾಸಿಗಳ ಸಂಘಗಳು ನೀರು, ಒಳಚರಂಡಿ, ಮರ, ವಾಹನ ನಿಲುಗಡೆಯ ಪ್ರಶ್ನೆಗಳನ್ನು ಎತ್ತುತ್ತವೆ. ಬೆಳೆಯುವ ನಗರಕ್ಕೆ ಮನೆಗಳು ಬೇಕಲ್ಲವೇ ಎಂದು ನಿರ್ಮಾಣ ಉದ್ಯಮದವರು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಆದರೆ ಇಬ್ಬರೂ ಹೇಳದೆ ಬಿಡುವ ಸಂಗತಿಗಳು ಹೆಚ್ಚು ಮುಖ್ಯವಾದವು.

ಹಳೆಯ ಬಡಾವಣೆಯ ನಿವಾಸಿಯಾದ ನಾನು ಮೊದಲು ನಮ್ಮ ಪಕ್ಷದ ವಾದವನ್ನೇ ಪರಿಶೀಲಿಸುತ್ತೇನೆ. 1898ರ ಪ್ಲೇಗಿನ ನಂತರ, ಇಕ್ಕಟ್ಟಾದ ಪೇಟೆಯ ಜನರಿಗೆ ಗಾಳಿ ಬೆಳಕುಗಳಿರುವ ನೆಲೆ ಒದಗಿಸಿದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಇವೆಲ್ಲ ಒಂದು ಕಾಲದಲ್ಲಿ ಹೊಸಬರಿಗಾಗಿಯೇ ಸಾರ್ವಜನಿಕ ಸಂಸ್ಥೆಗಳು ರೂಪಿಸಿದ ಪ್ರದೇಶಗಳು. ಹಾಗೆ ಬಂದು ನೆಲೆಸಿದವರ ಮಕ್ಕಳು ಇಂದು ಹೊಸಬರೇ ಬೇಡವೆನ್ನುವುದರಲ್ಲಿ ನ್ಯಾಯ ಕಡಿಮೆ. ಇನ್ನೊಂದು ಮುಜುಗರದ ಸಂಗತಿಯೂ ಇದೆ. ಬಿಲ್ಡರ್ ಎಲ್ಲಿಂದಲೋ ಬಂದು ಬೀದಿಯನ್ನು ಆಕ್ರಮಿಸುವುದಿಲ್ಲ. ನಮ್ಮ ನೆರೆಯವರೇ ಜಂಟಿ ಅಭಿವೃದ್ಧಿ ಒಪ್ಪಂದಕ್ಕೆ ಸಹಿ ಹಾಕಿ, ಕಟ್ಟಡದಲ್ಲಿ ತಮ್ಮ ಪಾಲಿನ ಫ್ಲ್ಯಾಟುಗಳನ್ನು ಪಡೆಯುತ್ತಾರೆ. ಪಕ್ಕದ ನಿವೇಶನದ ಕಟ್ಟಡವನ್ನು ವಿರೋಧಿಸಿದವರು ತಮ್ಮ ಸರದಿ ಬಂದಾಗ ಅದೇ ಒಪ್ಪಂದದ ಕರಡು ತರಿಸಿಕೊಳ್ಳುವುದುಂಟು.

ಹೊಸಬರನ್ನು ಹೊರಗಿಡುವುದಕ್ಕೂ ಬೆಲೆಯಿದೆ. ಅದನ್ನು ತೆರುವವರು ಬೇರೆಯವರು. ನಡುನಗರದಲ್ಲಿ ಮನೆ ಸಿಗದವರು ಹೊರವಲಯಕ್ಕೆ ಹೋಗುತ್ತಾರೆ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಹದಿನೇಳು ವರ್ಷಗಳ ನಂತರ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಅಲ್ಲಿಯ ಜನ ಟ್ಯಾಂಕರ್‌ಗಳ ಮುಂದೆ ನಿಂತದ್ದನ್ನು ನಾವು ಕಂಡಿದ್ದೇವೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪ್ ಮಾಡಿ ತರುವ ನೀರನ್ನು ಇನ್ನೂ ದೂರ ಸಾಗಿಸುವುದಕ್ಕಿಂತ, ಕೊಳವೆ, ಶಾಲೆ, ಆಸ್ಪತ್ರೆ, ಮೆಟ್ರೊ ಇರುವ ಕಡೆಯೇ ಹೆಚ್ಚು ಜನ ವಾಸಿಸುವುದು ಸಮಾಜಕ್ಕೆ ಮಿತವ್ಯಯದ ದಾರಿ. 2017ರಿಂದ ಜಯನಗರದಲ್ಲಿ ಮೆಟ್ರೊ ಓಡುತ್ತಿದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಸೇರಿದೆ. ಇಷ್ಟು ಸಾರ್ವಜನಿಕ ಹಣ ಹೂಡಿದ ನಿಲ್ದಾಣದ ಸುತ್ತ ಒಂಟಿ ಮನೆಗಳೇ ಶಾಶ್ವತವಾಗಿ ಇರಬೇಕೆಂಬ ವಾದ ಅರ್ಥಶಾಸ್ತ್ರದ ದೃಷ್ಟಿಯಿಂದ ನಿಲ್ಲುವುದಿಲ್ಲ.

ಹಾಗೆಂದು ಬಿಲ್ಡರ್ ಹೇಳಿದ್ದೆಲ್ಲ ಸರಿಯೆಂದಲ್ಲ. 60x80 ಅಡಿಯ ನಿವೇಶನವೊಂದರಲ್ಲಿ ಐದು ಜನರ ಒಂದು ಸಂಸಾರವಿತ್ತೆಂದು ಭಾವಿಸೋಣ. ತಲೆಗೆ ದಿನಕ್ಕೆ 135 ಲೀಟರಿನ ಅಂಗೀಕೃತ ಪ್ರಮಾಣದಲ್ಲಿ ಆ ಮನೆಗೆ 675 ಲೀಟರ್ ನೀರು ಸಾಕು. ಅಲ್ಲಿ ಎಂಟು ಫ್ಲ್ಯಾಟುಗಳೆದ್ದು ಮೂವತ್ತೆರಡು ಜನ ಬಂದರೆ ಬೇಕಾಗುವುದು 4,320 ಲೀಟರ್. ಅದರಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹಿಂದಿರುಗುತ್ತದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಬೀದಿಯ ಒಳಚರಂಡಿ ಕೊಳವೆಯೋ ಒಂಟಿ ಮನೆಗಳ ಕಾಲದ್ದು. ಒಂದು ಕಟ್ಟಡದ ಭಾರವನ್ನು ಅದು ತಾಳೀತು, ಬೀದಿಗೆ ಹತ್ತು ಕಟ್ಟಡಗಳಾದರೆ ತಾಳಲಾರದು. ನಕ್ಷೆ ಮಂಜೂರು ಮಾಡುವ ಅಧಿಕಾರಿ ಮಾತ್ರ ಒಂದೊಂದು ಕಡತವನ್ನೂ ಬೇರೆಬೇರೆಯಾಗಿಯೇ ನೋಡುತ್ತಾನೆ. ಹತ್ತು ಕಡತಗಳ ಮೊತ್ತವನ್ನು ಕೂಡಿಸಿ ನೋಡುವ ಹೊಣೆ ಯಾರ ಮೇಜಿನ ಮೇಲೂ ಇಲ್ಲ.

ಅದನ್ನು ಕೂಡಿಸಿ ನೋಡಬೇಕಾದದ್ದು ನಗರದ ಮಹಾ ಯೋಜನೆ. 2007ರಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಮಹಾ ಯೋಜನೆ 2015ನೇ ಇಸವಿಗೆಂದು ಸಿದ್ಧವಾದದ್ದು. 2017ರಲ್ಲಿ ಹೊರಬಂದ ಮುಂದಿನ ಕರಡು ಅಂತಿಮಗೊಳ್ಳಲಿಲ್ಲ. ಜನರ ಮಾತನ್ನು ಮುಟ್ಟಿಸಬೇಕಾದ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಪಾಲಿಕೆಯ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಆಡಳಿತವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಆದರೆ ಪಾಲಿಕೆ ಎಷ್ಟು ಚಿಕ್ಕದಾದರೂ ವಾರ್ಡಿನ ಕೊಳವೆಯ ಸಾಮರ್ಥ್ಯ ತಿಳಿಯದಿದ್ದರೆ ಪ್ರಯೋಜನವೇನು?

ಇನ್ನು ಲಾಭದ ವಿಚಾರ. ಜಮೀನಿನ ಬೆಲೆ ಏರುವುದು ಮಾಲೀಕನ ಶ್ರಮದಿಂದಲ್ಲ, ಸುತ್ತಲಿನ ಸಮಾಜದ ಬೆಳವಣಿಗೆಯಿಂದ ಎಂದು ಹೆನ್ರಿ ಜಾರ್ಜ್ 1879ರಲ್ಲಿ ವಾದಿಸಿದರು. ಅವರ ಪರಿಹಾರವನ್ನು ಪೂರ್ತಿ ಒಪ್ಪದವರೂ ಈ ಮಾತನ್ನು ಅಲ್ಲಗಳೆಯಲಾರರು. ಮೆಟ್ರೊ ಬಂದದ್ದರಿಂದ ನಿವೇಶನದ ಬೆಲೆ ಹೆಚ್ಚಿದರೆ ಆ ಹೆಚ್ಚಳ ಮಾಲೀಕನಿಗೂ ಬಿಲ್ಡರ್‌ಗೂ ಹಂಚಿಹೋಗುತ್ತದೆ. ಉಕ್ಕಿ ಹರಿಯುವ ಮ್ಯಾನ್‌ಹೋಲ್ ಮಾತ್ರ ಇಡೀ ಬೀದಿಯ ಪಾಲಿಗೆ ಉಳಿಯುತ್ತದೆ. ಹಾಗೆ ಏಳುವ ಫ್ಲ್ಯಾಟುಗಳ ಬೆಲೆಯೂ ಕೋಟಿಗಳಲ್ಲಿರುವುದರಿಂದ ‘ಎಲ್ಲರಿಗೂ ಮನೆ’ ಎಂಬ ಸಮರ್ಥನೆ ಪೊಳ್ಳಾಗುತ್ತದೆ.

ಆದ್ದರಿಂದ ಕಟ್ಟಬೇಕೇ ಬೇಡವೇ ಎಂಬ ಜಗಳವನ್ನು ಬಿಟ್ಟು ಯಾವ ಷರತ್ತಿನ ಮೇಲೆ ಕಟ್ಟಬೇಕೆಂದು ಚರ್ಚಿಸುವುದು ಮೇಲು. ನನ್ನ ಸಲಹೆಗಳು ನಾಲ್ಕು. ಮೊದಲನೆಯದಾಗಿ, ಪ್ರತಿ ವಾರ್ಡಿನ ನೀರು, ಒಳಚರಂಡಿ, ರಸ್ತೆಗಳ ಸಾಮರ್ಥ್ಯವನ್ನು ಅಳೆದು ಪ್ರಕಟಿಸಬೇಕು. ಹೆಚ್ಚುವರಿ ಮಹಡಿಗಳಿಗೆ ಅನುಮತಿ ಆ ಮಿತಿಯೊಳಗೇ ದೊರೆಯಬೇಕು. ಎರಡನೆಯದಾಗಿ, ಹೆಚ್ಚುವರಿ ನಿರ್ಮಾಣಕ್ಕೆ ವಸೂಲಾಗುವ ಶುಲ್ಕವನ್ನು ಅದೇ ವಾರ್ಡಿನ ಕೊಳವೆ, ಚರಂಡಿ, ಕಾಲುದಾರಿಗಳಿಗೆ ಖರ್ಚು ಮಾಡಿ, ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ಮೂರನೆಯದಾಗಿ, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಕಟ್ಟುವವರು ಒಂದು ಪಾಲನ್ನಾದರೂ ಶಿಕ್ಷಕರು, ದಾದಿಯರು, ಗುಮಾಸ್ತರು ಕೊಳ್ಳಬಲ್ಲ ಸಣ್ಣ ಮನೆಗಳಿಗೆ ಮೀಸಲಿಡಬೇಕು. ನಾಲ್ಕನೆಯದಾಗಿ, 2009ರಿಂದಲೇ ಕಾನೂನಿನಲ್ಲಿರುವ ಮಳೆನೀರು ಸಂಗ್ರಹ ಕಾಗದದಲ್ಲಿ ಮಾತ್ರವಲ್ಲದೆ ನೆಲದ ಮೇಲೂ ಇದೆಯೆಂದು ಪರಿಶೀಲಿಸಿದ ನಂತರವೇ ಸ್ವಾಧೀನಾನುಭವ ಪತ್ರ ನೀಡಬೇಕು.

ಈ ಷರತ್ತುಗಳಿಂದ ಬಿಲ್ಡರ್‌ನ ಲಾಭ ಸ್ವಲ್ಪ ತಗ್ಗಬಹುದು, ನಿವಾಸಿಗಳ ನೆಮ್ಮದಿಗೂ ಸ್ವಲ್ಪ ಭಂಗ ಬರಬಹುದು. ಹೊರವಲಯದಿಂದ ದಿನವೂ ಮೂರು ಗಂಟೆ ಪ್ರಯಾಣಿಸಿ ಬಂದು ನಮ್ಮ ಮಕ್ಕಳಿಗೆ ಪಾಠ ಹೇಳುವ, ನಮ್ಮ ರೋಗಿಗಳ ಶುಶ್ರೂಷೆ ಮಾಡುವ ಜನ ಈ ಚರ್ಚೆಯ ಯಾವ ಸಭೆಗೂ ಬಂದವರಲ್ಲ. ನಿವಾಸಿಗಳ ಸಂಘ ಮುಂದಿನ ಆಕ್ಷೇಪಣಾ ಪತ್ರ ಬರೆಯುವಾಗ ಅವರಿಗೂ ಒಂದು ಸಾಲಿನ ಜಾಗ ಕೊಡಲಿ.